ಇರುವೆ ಹೊಕ್ಕರೆ ಇಲ್ಲ

ಕುಂಸಿಯ ಮದುವೆ, ಹದಿನೆಂಟು ನಿಮಿಷದ ವಿಡಿಯೋ.
ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ
ಹಸಿರು ಗೀರು, ಆಮೇಲೆ ಚೌಕ ಚೌಕ,
ಮದುಮಗಳ ಮುಖ ಸಂತೆಯ ಲುಂಗಿಯಾಗಿ
ಕಡೆಗೆ ಕತ್ತಲೆ.

ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ದಸ್ತಗೀರ್
ಕನ್ನಡಕ ಹಣೆಗೇರಿಸಿ, ಕಾರ್ಡಿನ ಫ್ಯಾನು ಕಳಚಿ,
ಹಲ್ಲುಜ್ಜುವ ಬ್ರಷ್ಷಿನಿಂದ ಗೋರಿ ಹಾಕಿದ
ಹಳೇ ಪೇಪರಿನ ಮೇಲೆ:
ಇರುವೆ. ಮೊಟ್ಟೆ ಸಮೇತ ಒಂದು ಸಂಸಾರ.
"ಬೆಚ್ಚಗಿತ್ತಲ್ಲ ಅಕ್ಕ, ಈ ಥಂಡಿಯಲ್ಲಿ
ಅವಾದರೂ ಎಲ್ಲಿಗೆ ಹೋಗಬೇಕು?"

ವಾರಂಟಿ ಇನ್ನೂ ಏಳು ತಿಂಗಳಿತ್ತು. ಕಳಿಸಿದೆ.
ಇಪ್ಪತ್ತಾರನೆಯ ದಿನ ವಾಪಸು ಬಂತು
ಅದೇ ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ, ಒಂದು ಸಾಲಿನ ಚೀಟಿ:
ಕೀಟಬಾಧೆ, ಅನ್ವಯಿಸುವುದಿಲ್ಲ.
ಗುಳ್ಳೆಗಳನ್ನು ಒಂದೊಂದೇ ಒಡೆಯುತ್ತ ಕೂತೆ, ಊಟದವರೆಗೆ.

ದುರ್ಗಿಗುಡಿಯ ರಘುವೀರ ಶೇಟರದ್ದು
ಅಪ್ಪನ ಕಾಲಕ್ಕೆ ಚಿನ್ನದಂಗಡಿ.
ಒರೆಗಲ್ಲು ಇನ್ನೂ ಗಲ್ಲಾದ ಪಕ್ಕದಲ್ಲಿದೆ,
ಬಿಲ್ಲುಗಳು ಹಾರದಂತೆ ಭಾರಕ್ಕೆ.
ಮೂರು ಡಬ್ಬಿ ಇಟ್ಟರು ನನ್ನ ಮುಂದೆ.
ಮೂರರ ಹೊಟ್ಟೆಯಲ್ಲೂ ಒಂದೇ ಚಿಪ್, ಅಂಗಿ ಬೇರೆ.
ಕೆಂಪಿನ ಮೇಲೆ ಬೆಂಕಿ ಉಗುಳುವ ಪ್ರಾಣಿ, ಐದು ವರ್ಷ.
ಬಿಳಿಯದಕ್ಕೆ ಮೂರು, ದುಡ್ಡು ಎರಡು ಸಾವಿರ ಕಮ್ಮಿ.
ಕಪ್ಪಿನದೂ ಮೂರೇ. ಚಿತ್ರ ಇಲ್ಲ.

ಅವ್ವ ಮಡಕೆ ಕೊಳ್ಳುವಾಗ ಬೆರಳು ಮಡಚಿ ತಟ್ಟುತ್ತಿದ್ದಳು
ಕಿವಿ ಕೊಟ್ಟು; ಕುಂಬಾರ ಗಾಡಿಯ ಹತ್ತಿರ
ಉಸಿರು ಹಿಡಿದು ನಿಲ್ಲುತ್ತಿದ್ದ.
ಇದನ್ನು ಎಲ್ಲಿ ತಟ್ಟಲಿ?
ಕೈಯಲ್ಲಿ ತೂಗಿದೆ, ಕೆಂಪು ಹಗುರ.
ಒಳಗೆ ತಾಮ್ರ ಎಷ್ಟು, ತಗಡು ಎಷ್ಟು,
ಒರೆಗಲ್ಲಿನ ಮನೆಯವರೂ ಹೇಳಲಾರರು.

ದಸ್ತಗೀರನಿಗೇ ಫೋನು ಮಾಡಿದೆ:
ಯಾವ ಕಂಪನಿಯದು ಕಮ್ಮಿ ಬರುತ್ತೆ ನಿನ್ನ ಹತ್ತಿರ?
"ಬರದೇ ಇರೋದರ ಸುದ್ದಿ ನನಗೆ ಹೇಗೆ ಗೊತ್ತಾಗಬೇಕಕ್ಕ?
ಬಿಳಿಯದು ಬಂದಿಲ್ಲ. ಅದನ್ನ ಈ ಊರಲ್ಲಿ ಕೊಂಡೋರೂ ಇಲ್ಲ."

ಐದು ವರ್ಷದ ಪಕ್ಕ ಒಂದು ನಕ್ಷತ್ರ.
ಅದರ ಜಾಡು ಹಿಡಿದು ಡಬ್ಬಿಯ ಅಡಿಗೆ ಹೋದರೆ
ಶೇಟರ ಭೂತಗನ್ನಡಿಯಲ್ಲಿ ಕಂಡದ್ದು:
ಮೂವತ್ತು ದಿನದೊಳಗೆ ನೋಂದಾಯಿಸಿದರೆ ಮಾತ್ರ,
ಮೊದಲು ಕೊಂಡವರಿಗೆ ಮಾತ್ರ,
ಡಬ್ಬಿ ಇಟ್ಟುಕೊಂಡಿದ್ದರೆ ಮಾತ್ರ.
ಒಂದು ಷಟ್ಪದಿಗಾಗುವಷ್ಟು ಮಾತ್ರೆ.

ಅಂಗಡಿಯಿಂದಲೇ ಸಹಾಯವಾಣಿಗೆ ಹಚ್ಚಿದೆ.
ಕೆಂಪು: ಕೊಳಲು, ಕೊಳಲು, ಒಂದನ್ನು ಒತ್ತಿ, ಮತ್ತೆ ಕೊಳಲು.
ಬಿಳಿ: ಈ ಸಂಖ್ಯೆ ಚಾಲ್ತಿಯಲ್ಲಿಲ್ಲ.
ಕಪ್ಪು: ಹುಬ್ಬಳ್ಳಿಯಿಂದ ಯಾರೋ ಹುಡುಗಿ,
ಬಾಯಲ್ಲಿ ತುತ್ತು. "ಹೇಳ್ರೀ."
ಇರುವೆ ಹೊಕ್ಕರೆ?
ನುಂಗುವವರೆಗೆ ಕಾದೆ.
"ಇರುವಿ ಹೊಕ್ಕರ ಇಲ್ರೀ. ಸುಳ್ಳ್ ಯಾಕ ಹೇಳ್ಲಿ?
ಸುತ್ತ ಅರಿಷಿಣ ಹಾಕಿ ನೋಡ್ರಿ,
ನಮ್ಮವ್ವ ಬೆಲ್ಲದ ಡಬ್ಬಿಗೆ ಹಾಕ್ತಾಳ."
ಹೆಸರು ಕೇಳಿದೆ. ನೀಲಾಂಬಿಕಾ.
ಕಪ್ಪಿನದಕ್ಕೆ ಬಿಲ್ಲು ಮಾಡಿ ಅಂದೆ.

"ಗುಣ ನೋಡಿ ಕೊಂಡಿರೋ, ಗ್ಯಾರಂಟಿ ನೋಡಿಯೋ?"
ಶೇಟರು ಕೇಳಿದರು, ತಮಾಷೆಗೇನಲ್ಲ.
ನಾನು ಚಿಲ್ಲರೆ ಎಣಿಸಿದೆ.

ಬಿಲ್ಲಿನ ಶಾಯಿ ವರ್ಷದೊಳಗೆ ಹಾರುತ್ತಂತೆ.
ಗೋಪಿ ಸರ್ಕಲ್ಲಿನಲ್ಲಿ ಎರಡು ಜೆರಾಕ್ಸ್.
ಒಂದರ ಬೆನ್ನಿಗೆ ಬರೆದಿಟ್ಟೆ:
ನೀಲಾಂಬಿಕಾ. ಒಂದೂವರೆಗೆ ಊಟ, ಆಗ ಮಾಡಬಾರದು.

ರಾತ್ರಿ ಹನ್ನೊಂದಕ್ಕೆ ಧಾರೆ ಮುಗಿಯಿತು.
ಮದುಮಗಳ ಮುಖ ಮುಖವಾಯಿತು,
ಮೂಗುತಿಯ ಹರಳಿನಲ್ಲಿ ನಮ್ಮ ಕ್ಯಾಮೆರಾದ ಹುಡುಗ
ಸಾಸಿವೆಯಷ್ಟು.
ಮೇಜಿನ ಕಾಲಿನ ಸುತ್ತ ಅರಿಷಿಣದ ಗೆರೆ.
ಇರುವೆಯೊಂದು ಅಲ್ಲಿಯವರೆಗೆ ಬಂದು, ನಿಂತು,
ಎಡಕ್ಕೆ ನಾಲ್ಕು ಹೆಜ್ಜೆ, ಬಲಕ್ಕೆ ನಾಲ್ಕು,
ಮೀಸೆ ಅಲ್ಲಾಡಿಸುತ್ತ
ಇನ್ನೂ ತೀರ್ಮಾನಿಸಿಲ್ಲ.