ಕೊಳವೆ ಕಿತ್ತ ಮೇಲೆ

ಶಕ್ತಿನಗರದ ಗೋಡೆಯಾಚೆ, ಬೂದಿಹೊಂಡಕ್ಕೆ ಹೋಗುವ ದಾರಿಯಲ್ಲಿ
ಹುಸೇನಪ್ಪನ ಮನೆ. ಹಿತ್ತಲಲ್ಲಿ ಒಂದು ಬಿದಿರ ಮೆಳೆ.
ಮೂವತ್ತೊಂದು ವರ್ಷ ಬಾಯ್ಲರಿನ ಕೊಳವೆ ಬಾಗಿಸಿದವನು,
ವೆಲ್ಡಿಂಗಿನ ಬೆಳಕಿಗೆ ಒಂದು ಕಣ್ಣು ಹಾಲಾದವನು,
ರಿಟೈರಾದ ವಾರವೇ ನನ್ನ ಬಾಗಿಲಿಗೆ ಬಂದು ಕೇಳಿದ:
"ಸವಾರೆಮ್ಮಕ್ಕಾ, ಜೀವ ಇರೋ ಬಿದಿರು ಬಾಗತೈತೇನು?"

ನಾವು ಮೇದಾರರು.
ನಮ್ಮ ಕೈಗೆ ಬಿದಿರು ಬರುವುದೇ ಸತ್ತ ಮೇಲೆ.
ಲಾರಿಯಿಂದ ಇಳಿಸಿ, ಎಣಿಸಿ, ನೆನೆಹಾಕಿ, ಸೀಳಿ
ಮೊರ ಹೆಣೆಯುತ್ತೇವೆ, ಬುಟ್ಟಿ, ಕೋಳಿ ಮುಚ್ಚುವ ಪಂಜರ.
ನನ್ನ ಹೆಬ್ಬೆರಳೊಳಗೆ ಮುರಿದು ಉಳಿದ ಸಿಬಿರು
ಮದುವೆಯಾದ ವರ್ಷದ್ದು;
ಮೋಡ ಕವಿದರೆ ಈಗಲೂ ಮಾತಾಡುತ್ತದೆ.
"ಬದುಕಿದ್ದನ್ನ ಯಾಕ ಕಾಡ್ತಿ?" ಎಂದು ನಕ್ಕೆ.
ಆದರೂ ಹೋದೆ.

ಮೊದಲ ಮಳೆಗಾಲ ಅವನು ಕಬ್ಬಿಣದವನಂತೆಯೇ ನಡೆದುಕೊಂಡ.
ಟೇಪು ಹಿಡಿದ, ಸೀಮೆಸುಣ್ಣದ ಗುರುತು ಹಾಕಿದ,
ಒಂದೇ ಸಂಜೆಗೆ ತೊಂಬತ್ತು ಡಿಗ್ರಿ.
ರಾತ್ರಿ ಟಪ್ಪೆಂದಿತು. ಓಣಿಯ ನಾಯಿಗಳೆಲ್ಲ ಎದ್ದವು.
ಬೆಳಿಗ್ಗೆ ಮುರಿದ ಗೆಣ್ಣಿನಿಂದ ನೀರು ಜಿನುಗುತ್ತಿತ್ತು.
"ಹಬೆ ಸೋರಿದ್ರ ತೇಪಿ ಹಾಕ್ತಿದ್ದೆ," ಅಂದ,
ಯಾರಿಗೂ ಅಲ್ಲ.
ನಾನು ನಗಲಿಲ್ಲ.

ಆಗ ಗೊತ್ತಿದ್ದಷ್ಟು ಹೇಳಿದೆ:
ಬಿದಿರು ದಪ್ಪಗಾಗೋದಿಲ್ಲಪ್ಪಾ, ಬರೇ ಉದ್ದಾಗತೈತಿ.
ನೆಲ ಬಿಟ್ಟಾಗ ಎಷ್ಟು ಗಾತ್ರವೋ ಸಾಯುವಾಗಲೂ ಅಷ್ಟೇ.
ಎಂಟು ವಾರ ಎಳೇದು, ಆಮೇಲೆ ಯಾರ ಮಾತೂ ಕೇಳುವುದಿಲ್ಲ.
ಬಲಿತ ಗೆಣ್ಣಿಗೆ ಕೈ ಹಾಕಬ್ಯಾಡ.
ಹಾಳೆ ಇನ್ನೂ ಅಂಟಿಕೊಂಡಿರುತ್ತದಲ್ಲ, ತುದಿಯ ಕೆಳಗೆ ಒಂದು ಗೇಣು,
ಅಲ್ಲಿ ಹಿಡಿ.
ಹಗ್ಗ ಬ್ಯಾಡ, ಹಳೇ ಸೀರೆಯ ಅಂಚು ಸಾಕು.

ಎರಡನೇ ವರ್ಷ ಗುಜರಿಯಿಂದ ಒಂದು ಕೊಳವೆ ತಂದ,
ಆಳೆತ್ತರದ ಮೇಲೆ ಒಂದು ಮೊಳ, ತೊಡೆಗಾತ್ರ, ಮೈತುಂಬ ತುಕ್ಕು.
ಮೆಳೆಯ ಪಕ್ಕ ನೆಟ್ಟ.
ಮಣ್ಣೆತ್ತಿನ ಅಮಾವಾಸ್ಯೆ ಕಳೆದ ನಾಲ್ಕನೇ ದಿನ
ಕಳಲೆ ಎದ್ದಿತು, ಕೋಣದ ಕೊಂಬಿನ ಹಾಗೆ.

ಬುಟ್ಟಿ ಮಾರಿ ಬರುವ ಸಂಜೆಗಳಲ್ಲಿ ಅಲ್ಲಿ ನಿಲ್ಲುತ್ತಿದ್ದೆ.
ಅವನು ಗಂಟು ಸಡಿಲಿಸುವನು, ನಾನು ತುದಿ ತಿರುಗಿಸುವೆನು
ಎರಡು ಬೆರಳಷ್ಟು. ಮತ್ತೆ ಗಂಟು.
ಕೆಲವು ದಿನ ಅದು ಮೊಳದುದ್ದ ಬೆಳೆದು ನಿಂತಿರುತ್ತಿತ್ತು,
ನಾವು ಸುಮ್ಮನೆ ಅದರ ಹಿಂದೆ ಓಡಿದ್ದು.
ಬೂದಿ ಹಾರಿ ಬಂದ ದಿನ ಒದ್ದೆ ಬಟ್ಟೆಯಿಂದ ಒರೆಸಿದ್ದೂ ಉಂಟು,
ಕೂಸಿನ ಕತ್ತು ಒರೆಸಿದ ಹಾಗೆ.
ಅವನ ಹೆಂಡತಿ ನರಸಮ್ಮ ಒಳಗಿನಿಂದಲೇ ಕೂಗುವಳು:
"ಅದಕ್ಕೊಂದು ಹೆಸರಿಟ್ಟು ಉಣ್ಣಾಕ ಬರ್ರಿ!"

ಬಲಿಯಲೆಂದು ಮೂರು ವರ್ಷ ಬಿಟ್ಟೆವು.
ನೋಡಬಂದವರದು ಒಂದೇ ಪ್ರಶ್ನೆ: ಇದರಿಂದ ಏನ್ ಮಾಡ್ತೀರಿ?
ಜೀವಮಾನವಿಡೀ ಏನಾದರೊಂದು ಮಾಡಿಯೇ ಉಂಡವಳು ನಾನು,
ಉತ್ತರ ಹೊಳೆಯಲಿಲ್ಲ.
ಹುಸೇನಪ್ಪ ಬೀಡಿ ಹಚ್ಚಿದ.

ಹೋದ ಯುಗಾದಿಯ ಹಿಂದಿನ ದಿನ ಕೊಳವೆ ಕಿತ್ತೆವು.
ನಾಲ್ಕು ಜನ, ಎರಡು ಏಣಿ, ಬೇವಿನ ಟೊಂಗೆಗೆ ಚೈನ್ ಪುಲ್ಲಿ.
ಇಂಚಿಂಚೇ ಮೇಲೆದ್ದಿತು ಕಬ್ಬಿಣ,
ಬಿದಿರು ಉಜ್ಜಿದಲ್ಲಿ ಮಾತ್ರ ತಾಟಿನಂತೆ ಹೊಳೆಯುತ್ತ.
ಅದರ ಹೊಟ್ಟೆಯಿಂದ ಇರುವೆಗಳ ಒಂದು ಊರೇ ತಲೆ ಮೇಲೆ ಸುರಿಯಿತು.
ಕುಣಿದೆವು, ಬೈದೆವು.
ಮೈ ಕೊಡವಿ ತಿರುಗಿ ನೋಡಿದರೆ
ಮೂರು ಸುತ್ತು ಬಿದಿರು, ನಡುವೆ ಯಾರೂ ಇಲ್ಲ.
ಹಾಗೇ ಅಪ್ಪಿಕೊಂಡು ಮೇಲೇರಿ
ತುದಿಯಲ್ಲಿ ಎಲೆ ಅಲ್ಲಾಡಿಸುತ್ತಿದೆ, ಏನೂ ಆಗಿಲ್ಲವೆಂಬಂತೆ.

ಕೈ ಒಳಗೆ ತೂರಿಸಿದೆ.
ನಮ್ಮ ಬಿಸಿಲಿಗೆ ಕಾದ ಕಬ್ಬಿಣದ ಬಿಸಿ ಅಲ್ಲಿನ್ನೂ ಇತ್ತು,
ಕೊಳವೆಯ ಆಕಾರದಲ್ಲೇ.
ಇತ್ತೋ, ನನಗೆ ಹಾಗನ್ನಿಸಿತೋ.

ಈ ಮಳೆಗೆ ಮತ್ತೆ ಮೂರು ಕಳಲೆ ಎದ್ದಿವೆ, ಸುರುಳಿಯ ಬುಡದಲ್ಲೇ,
ನೆಟ್ಟಗೆ. ಅವಕ್ಕೆ ಯಾರೂ ಏನೂ ಹೇಳಿಲ್ಲ.
ಹುಸೇನಪ್ಪ ನರಸಮ್ಮನ ಸೀರೆಯ ಅಂಚು ಹರಿಯುತ್ತ ಕೂತಿದ್ದ.
"ಒಂದು ನನಗ ಬಿಡು," ಅಂದೆ.
"ಮೊರಕ್ಕೇನು?"
"ಅಲ್ಲ. ಸುಮ್ಮನ ನೋಡಾಕ."
"ಯಾವುದು, ತೋರ್ಸು."
ಮೆಳೆಯ ಸುತ್ತ ಒಂದು ಸಲ ಬಂದು
ಬೂದಿ ಮೆತ್ತಿದ ಬರಿನೆಲವನ್ನು ಕಾಲ್ಬೆರಳಲ್ಲಿ ತೋರಿಸಿದೆ:
"ಇನ್ನ ಎದ್ದಿಲ್ಲ."