ಮುಕ್ಕಾಲು ಗಂಟೆ

ಮುಕ್ಕಾಲು ಗಂಟೆ ಹಿಡಿಯುತ್ತೆ, ಎಂದಳು ಬರ್ನಡೀನ್,
ಪೆನ್ಸಿಲನ್ನು ಕಿವಿಯ ಸಂದಿಗೆ ಸಿಕ್ಕಿಸುತ್ತ.
ಈ ಊರಲ್ಲಿ ಹುಟ್ಟಿದವರಿಗೆ ಹೇಳುವ ಮಾತೇ ಅಲ್ಲ ಅದು.
ಆದರೂ ಹೇಳಿದಳು,
ಅಲ್ಗಿಸನ ಕೋಟು ನೋಡಿ ಹೇಳಿದಳು.

ನನ್ನ ತಮ್ಮ. ನ್ಯೂಯಾರ್ಕಿನಲ್ಲಿ ಹತ್ತೊಂಬತ್ತು ವರ್ಷ.
ಶಿಕಾಗೋದ ಜನವರಿಗೆ ಅಂಥ ಕೋಟು ಹಾಕಿ ಬಂದಿದ್ದಾನೆ,
ಅಲ್ಲಿಯ ಪಿಜ್ಜಾದ ಹಾಗೇ, ತೆಳ್ಳಗೆ.
ಹಾಗಂತ ಹೇಳಿಯೂ ಬಿಟ್ಟೆ. ನಗಲಿಲ್ಲ.

ಒಮಾಹಾಕ್ಕೆ ಹೊರಟಿದ್ದವನು. ಹಿಮ ಬಿದ್ದು ವಿಮಾನ ರದ್ದು.
ಇಲ್ಲದಿದ್ದರೆ ಫೋನು ಮಾಡುತ್ತಿರಲಿಲ್ಲ.
ಅದನ್ನು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ಅಲ್ಲಿ ನಿಂತೇ ತಿನ್ನುತ್ತಾರಂತೆ,
ಕಾಗದದ ತಟ್ಟೆಯಲ್ಲೊಂದು ತುಂಡು, ನಡುವೆ ಮಡಿಸಿ,
ಎಣ್ಣೆ ಮೊಣಕೈಗಿಳಿಯುವುದರೊಳಗೆ
ರೈಲಿನ ಮೆಟ್ಟಿಲಿಳಿದು ಮುಗಿಸಿರಬೇಕು.
ನಿಮ್ಮದು ಪಿಜ್ಜಾ ಅಲ್ಲ ರೂಟಾ, ಬಾವಿ,
ಹಗ್ಗ ಬಿಟ್ಟು ಚೀಸ್ ಸೇದಬೇಕು, ಅನ್ನುತ್ತಿದ್ದ ಪ್ರತಿ ಕ್ರಿಸ್ಮಸ್ಸಿಗೆ.
ನಿಮ್ಮದು ಸಾಸು ಒರೆಸಿದ ಕರವಸ್ತ್ರ, ಅನ್ನುತ್ತಿದ್ದೆ ನಾನು.
ಹೆತ್ತವರಿಗೆ ಹೆಗ್ಗಣ ಮುದ್ದು;
ನಮ್ಮೂರ ಹೆಗ್ಗಣವೋ, ಎರಡಂಗುಲ ದಪ್ಪ.

ಯಾವ ಊರಿಗಿಲ್ಲ ಈ ಹುಚ್ಚು?
ಡೆಟ್ರಾಯಿಟಿನವರಿಗೆ ಚೌಕ ತಟ್ಟೆಯೇ ಆಗಬೇಕು,
ಅಂಚಿನ ಕರಕಲಿಗೆ ಅಣ್ಣತಮ್ಮಂದಿರೇ ಕಾದಾಡುತ್ತಾರೆ.
ಸೇಂಟ್ ಲೂಯಿಸಿನವರು ಹಪ್ಪಳದ ಮೇಲೆ
ಹಲ್ಲಿಗಂಟುವ ಚೀಸ್ ಸುರಿದು ಸ್ವರ್ಗ ಎನ್ನುತ್ತಾರೆ.
ನನ್ನ ದಂತವೈದ್ಯ ನ್ಯೂ ಹೇವನ್ನಿನವನು,
ಕಲ್ಲಿದ್ದಲ ಒಲೆಯ ಮಸಿಯೇ ರುಚಿ ಎಂದು
ನನ್ನ ಬಾಯಿ ತೆರೆಸಿಟ್ಟುಕೊಂಡೇ ವಾದ ಗೆದ್ದ.

ಹತ್ತು ನಿಮಿಷ ಅವನ ಮಂಡಿನೋವು.
ಆಮೇಲೆ ನನ್ನ ಬಾಡಿಗೆ.
ಆಮೇಲೆ ಉಪ್ಪಿನ ಡಬ್ಬಿಯನ್ನು ಅವನು ಇತ್ತ ಸರಿಸಿದ,
ನಾನು ಅತ್ತ.
ಒಳಗೆಲ್ಲೋ ಕಬ್ಬಿಣದ ಇಕ್ಕಳ ಕಬ್ಬಿಣಕ್ಕೆ ತಗುಲಿತು.
ನಿಂತು ತಿನ್ನುವ ಊರಲ್ಲಿ
ಇಷ್ಟು ಹೊತ್ತು ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ.

ಬಂತು. ಸುಟ್ಟು ಕಪ್ಪಾದ ಬಾಣಲೆಯ ಸಮೇತ.
ತಲೆಕೆಳಗಾದ ಸಂಸಾರ: ತಳದಲ್ಲಿ ಚೀಸ್,
ನಡುವೆ ಸಾಸೇಜು, ಎಲ್ಲಕ್ಕೂ ಮೇಲೆ
ಇನ್ನೂ ಕೊತಗುಡುವ ಟೊಮ್ಯಾಟೊ.
ಮೊದಲ ತುಂಡು ಎತ್ತಿದಾಗ ಎಳೆ ಕಡಿಯಲಿಲ್ಲ.
ಚಾಕುವಿನಿಂದ ನಾನೇ ಕಡಿದೆ.

ಅಲ್ಗಿಸ್ ಫೋರ್ಕು ಮುಟ್ಟಲಿಲ್ಲ.
ಶುಕ್ರವಾರ ನಾವು ಇದನ್ನ ತಿಂತಿರಲಿಲ್ಲ, ಎಂದ.
ಅಪ್ಪ ಸಂಬಳದ ದಿನ ಬಾರಿನಿಂದ ತರ್ತಿದ್ದದ್ದು ತೆಳು,
ಚೌಕ ಚೌಕ ಕೊಯ್ದದ್ದು.
ಮೂಲೆಯ ಪುಟ್ಟ ಮುಕ್ಕೋನಗಳಿಗೆ ನೀನು ನನ್ನ ಕಚ್ಚಿದ್ದೆ.
ಇದನ್ನ ತರಿಸ್ತಿದ್ದದ್ದು ಯಾರಾದರೂ ಬಂದಾಗ,
ಕೌನಾಸಿನ ಚಿಕ್ಕಪ್ಪ, ಆ ಪಾದ್ರಿ...
ರೂಟಾ, ನನ್ನನ್ನೂ ನೆಂಟ ಮಾಡಿಬಿಟ್ಟೆಯಾ?

ಏನು ಹೇಳಲಿ.
ತರಿಸುವಾಗ ಯೋಚಿಸಿರಲಿಲ್ಲ. ಅದೇ ತಪ್ಪು:
ಯೋಚಿಸದೆಯೇ ತರಿಸಿದ್ದು.

ಅಷ್ಟರಲ್ಲಿ ಪಕ್ಕದ ಮೇಜಿನಿಂದ ಬಾಗಿದರು
ಬಾಸ್ಟನ್ನಿನವರು, ಗಂಡ ಹೆಂಡತಿ,
ಕೊರಳಲ್ಲಿ ಇನ್ನೂ ಸಮ್ಮೇಳನದ ಬಿಲ್ಲೆ.
ಕ್ಷಮಿಸಿ, ನೀವು ಇಲ್ಲಿಯವರಾ?
ಈ ಊರಲ್ಲಿ ನಿಜವಾಗಿ ಇದನ್ನೇ ತಿಂತೀರಾ?

ದಿನಾ, ಎಂದೆ ನಾನು.
ದಿನಾ, ಎಂದ ಅವನೂ, ಅದೇ ಉಸಿರಿಗೆ,
ಹತ್ತೊಂಬತ್ತು ವರ್ಷ ನುಂಗಿಟ್ಟಿದ್ದ ಬ್ರಿಡ್ಜ್‌ಪೋರ್ಟಿನ ಮೂಗುದನಿಯಲ್ಲಿ.
ಉಳಿದ ಊರಿನವರು ಮಾಡೋದು ಬರೀ ಬ್ರೆಡ್ಡು, ಎಂದೂ ಸೇರಿಸಿದ.
ಅವರು ತಲೆದೂಗಿ ಬರೆದುಕೊಂಡರು.

ಒಂದೊಂದೇ ತುಂಡಿಗೆ ಸೋತೆವು.
ಮಿಕ್ಕದ್ದನ್ನು ಕಟ್ಟಿಸಿಕೊಂಡ.
ಆರ್ಚರ್ ರಸ್ತೆಯುದ್ದಕ್ಕೂ ನನ್ನ ಕಾರಿನ ಹೀಟರು ಕೆಟ್ಟಿತ್ತು;
ಡಬ್ಬಿಯನ್ನು ಆ ತೆಳು ಕೋಟಿನೊಳಗೆ ತೂರಿಸಿ
ಎರಡೂ ಕೈಯಿಂದ ಅವುಚಿಕೊಂಡು ಕೂತಿದ್ದ.