ಕಿಸೆ ಇದ್ದ ಚೀಲ

ಮನಿಗೊಂದು ಹಳೇ ಅರಿವಿ ಕೊಡ್ರಿ ಅಂತ
ಬನಹಟ್ಟಿ ಓಣಿ ಓಣಿ ತಿರುಗಿದಿವಿ,
ನಾನು ಮತ್ತ ಕಾಶಿಂಬಿ.
ಹರಿದ ಲುಂಗಿ ಬಂತು, ಬಾಗಿಲ ಪರದೆ ಬಂತು.
ಮಗ್ಗದ ಸಾವಕಾರ
ಅಂಚು ತಪ್ಪಿದ ಎರಡು ಮೀಟರ್ ಕೊಟ್ಟು
ಮೂರು ಸಲ ಅಳದ.

ಸುಗಲವ್ವ ಹೊಸ್ತಿಲದಾಗ ಬಾಳೊತ್ತು ನಿಂತಳು.
ಆಮ್ಯಾಲೆ ಒಳಗಿಂದ ತಂದದ್ದು
ಇಸ್ತ್ರಿ ಮಾಡಿಟ್ಟ ನೀಲಿ ಗೆರಿ ಅಂಗಿ.
'ಕಿಸೆ ಬಿಚ್ಚಬ್ಯಾಡ್ರಿ' ಅಂದಳು, ಅಷ್ಟ.

ಬಿಚ್ಚಲಿಲ್ಲ.
ತೋಳು ಕತ್ತರಿಸಿ ಹಿಡಿಕಿ ಮಾಡಿದೆ,
ಗುಂಡಿ ಸಾಲು ಹೊಲದು ಮುಚ್ಚಿದೆ,
ಎದಿ ಮ್ಯಾಲಿನ ಕಿಸೆ ಹಂಗ ಉಳೀತು.

ಸಂತಿ ಬಾಯಾಗ ಹಗ್ಗ ಕಟ್ಟಿ
ನೂರಾ ಹನ್ನೆರಡು ಚೀಲ ತೂಗು ಹಾಕಿದಿವಿ.
ಒಯ್ಯಿರಿ, ಮುಂದಿನ ಸಂತಿಗೆ ತಂದು ಹಾಕ್ರಿ.
ತಿರುಗಿ ಬಂದದ್ದು ಮೂವತ್ತು.
ಬದ್ನಿಕಾಯಿ ಪರಸಪ್ಪ ನಕ್ಕ:
'ಕ್ಯಾರಿಬ್ಯಾಗಿಗೆ ನೆನಪಿಡೋ ತ್ರಾಸ ಇಲ್ಲ ಅಕ್ಕಾ.'
ಅವನ ತಕ್ಕಡಿ ಹಿಂದ, ಗಟಾರದಾಗ,
ಯಾರೂ ನೆನಪಿಡದ ಚೀಲೆಲ್ಲ
ಉಬ್ಬಿ ಉಬ್ಬಿ ಮ್ಯಾಲೆ ಬರತಿದ್ದುವು.

ನಾಕನೇ ಸಂತಿಗೆ ಅಂಗಿ ಚೀಲ ಕಂಡಿತು,
ಯಾರೋ ಒಬ್ಬ ಪೋರನ ಹೆಗಲಿಗೆ.
ಹೊಟ್ಟಿ ತುಂಬ ಮೆಂತೆಪಲ್ಲೆ.
ಕೊಟ್ಟ ಚಿಲ್ಲರ ಎಣಿಸಿ
ಆ ಕಿಸೆಗೇ ಹಾಕಿದ.

ಉಳ್ಳಾಗಡ್ಡಿ ಆರಸ್ತಿದ್ದ ಸುಗಲವ್ವ
ತಲಿ ಎತ್ತಿ ಗದರಿದಳು:
'ಅಲ್ಲಿ ಇಡಬ್ಯಾಡ, ಬಗ್ಗಿದರ ಬೀಳತಾವ!
ಎಷ್ಟು ಸಲ ಹೇಳಬೇಕು?'

ಪೋರ ಪಿಳಿಪಿಳಿ ಕಣ್ಣು ಬಿಟ್ಟ.
ಅವಗ ಆಕಿ ಹೇಳಿದ್ದು
ಅದ ಮೊದಲನೇ ಸಲ.